ಹಸಿರು ಚುಕ್ಕೆಯ ಚೀಟಿ

ಕಳೆದ ತಿಂಗಳು ತಿರುವನಂತಪುರದ ಬಾಡಿಗೆ ಮನೆಯನ್ನು ಬದಲಿಸುವಾಗ ಹಳೆಯ ಪಠ್ಯಪುಸ್ತಕವೊಂದರೊಳಗಿಂದ ಗುಲಾಬಿ ಬಣ್ಣದ ಚೀಟಿಯೊಂದು ನೆಲಕ್ಕೆ ಬಿತ್ತು. ‘ಗ್ರಂಥಾಲಯದ ಪುಸ್ತಕ ಹಿಂದಿರುಗಿಸಿಲ್ಲ. ಕೂಡಲೇ ಕಚೇರಿಗೆ ಬರತಕ್ಕದ್ದು’ ಎಂದು ಮಲಯಾಳದಲ್ಲಿ ಅಚ್ಚಾಗಿತ್ತು. ಕೆಳಗಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟೇ ದೊಡ್ಡದಾದ ಹಸಿರು ಮಸಿಯ ಒಂದು ಚುಕ್ಕೆ. ಎತ್ತಿ ಮೂಗಿನ ಹತ್ತಿರ ಹಿಡಿದೆ. ರಾಸ್ನಾದಿ ಪುಡಿಯ ವಾಸನೆ ಬಂತು... ಬಂದಿರಲಾರದು. ಇಷ್ಟು ವರ್ಷಗಳ ಮೇಲೆ ಕಾಗದದಲ್ಲಿ ಅಂಥದ್ದೇನೂ ಉಳಿದಿರುವುದಿಲ್ಲ. ಆದರೂ ನಾನು ಪೆಟ್ಟಿಗೆಗಳ ನಡುವೆ ನೆಲದ ಮೇಲೆಯೇ ಕುಳಿತುಬಿಟ್ಟೆ.

ಸ್ನಾನವಾದ ಮೇಲೆ ನೆತ್ತಿಗೆ ತಿಕ್ಕಿಕೊಳ್ಳುವ ಆ ಕಂದು ಪುಡಿಯ ವಾಸನೆಯನ್ನು ಪ್ರತಿದಿನವೂ ತಮ್ಮೊಂದಿಗೆ ತರುತ್ತಿದ್ದವರು, ಕೊಚ್ಚಿಯ ನಮ್ಮ ಕಾಲೇಜಿನಲ್ಲಿ ಮೆಟ್ಟಿಲ ಕೆಳಗಿನ ಕೌಂಟರಿನಲ್ಲಿ ಕೂರುತ್ತಿದ್ದ ಗುಮಾಸ್ತೆ. ನಾವೆಲ್ಲ ಅವರನ್ನು ಚೇಚಿ ಎನ್ನುತ್ತಿದ್ದೆವು. ಮಲಯಾಳದಲ್ಲಿ ಅಕ್ಕ ಎಂದರ್ಥ. ವಿದ್ಯಾರ್ಥಿವೇತನ, ಮಧ್ಯಾಹ್ನದ ಊಟದ ಕೂಪನ್, ಬಸ್ಸಿನ ರಿಯಾಯಿತಿ ಕಾರ್ಡು, ಎರವಲು ಪುಸ್ತಕಗಳು, ಇವೆಲ್ಲ ಆ ಒಂದು ಕಿಟಕಿಯಿಂದಲೇ ಹೊರಬರಬೇಕಿತ್ತು. ಕಿಟಕಿಗೆ ಗಾಳಿಯಿರಲಿಲ್ಲ. ಮೆಟ್ಟಿಲ ಮೇಲೆ ಯಾರು ಓಡಿದರೂ ಅವರ ಮೇಜಿನ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು. ವಿದ್ಯಾರ್ಥಿಗಳ ನೆರವಿಗೆ ಆಡಳಿತ ಕೊಟ್ಟಿದ್ದ ಜಾಗ ಅಷ್ಟೇ. ಅದನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲಾರೆ.

ನಾನು ಸೇರಿದ್ದು ಆ ಕಾಲೇಜಿನ ಆವರಣದಲ್ಲಿಯೇ ನಡೆಯುತ್ತಿದ್ದ ಸಮುದಾಯ ಕಾಲೇಜಿಗೆ, ಆಹಾರ ಸಂಸ್ಕರಣೆಯ ಡಿಪ್ಲೊಮಾಕ್ಕೆ. ಕೆಲಸ ಬಿಟ್ಟವರು, ಓದು ಬಿಟ್ಟವರು, ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ತಾಯಂದಿರು ನಮ್ಮ ಸಹಪಾಠಿಗಳು. ಕಟ್ಟಡ ಒಂದೇ ಆದರೂ ಹಕ್ಕುಗಳು ಒಂದಾಗಿರಲಿಲ್ಲ. ಹಾಸ್ಟೆಲ್ ಪದವಿಯವರಿಗೆ ಮಾತ್ರ. ಪದವಿಯವರು ಪುಸ್ತಕವನ್ನು ಮನೆಗೆ ಒಯ್ಯಬಹುದಿತ್ತು; ನಾವು ಅಲ್ಲಿಯೇ ಕುಳಿತು ಓದಬೇಕು, ಕೌಂಟರಿನಿಂದ ವಿಶೇಷ ಅನುಮತಿಯಿದ್ದರೆ ಮಾತ್ರ ಒಯ್ಯಬಹುದು. ಖಾಸಗಿ ಬಸ್ಸಿನ ಕಂಡಕ್ಟರುಗಳು ನಮ್ಮ ಕಾರ್ಡನ್ನು ತಿರುಗಿಸಿ ನೋಡಿ, “ಇದೂ ಒಂದು ಕಾಲೇಜಾ?” ಎಂದು ಕೇಳುತ್ತಿದ್ದರು.

ಅಪ್ಪ ಬ್ಯಾಂಕಿನ ನೌಕರ. ಧಾರವಾಡದಿಂದ ಕೊಚ್ಚಿ ಬಳಿಯ ಆಲುವಕ್ಕೆ ವರ್ಗವಾಗಿ ಬಂದ ಮೂರನೇ ವರ್ಷ ತೀರಿಕೊಂಡರು. ಕುಟುಂಬ ಪಿಂಚಣಿಯ ಕಡತ ಊರಿಂದೂರಿಗೆ ಅಲೆಯುತ್ತಿದ್ದ ಕಾಲದಲ್ಲಿ ಅವ್ವ ಒಂದು ಮೆಸ್ಸಿನಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಸರ್ಕಾರದ ನೆರವಿಗೆ ಅರ್ಜಿ ಹಾಕಲು ಹೋದರೆ, ಈ ರಾಜ್ಯದಲ್ಲಿ ಹುಟ್ಟಿದ್ದಕ್ಕೆ ಪ್ರಮಾಣಪತ್ರ ಕೇಳಿದರು. ನಾನು ಇಲ್ಲಿ ಹುಟ್ಟಿದವಳಲ್ಲ. ಹಸಿವಿಗೂ ಹುಟ್ಟೂರಿಗೂ ಏನು ಸಂಬಂಧವೆಂದು ಆ ಕಿಟಕಿಯ ಮುಂದೆ ನಿಂತು ನನ್ನ ಹರಕು ಮಲಯಾಳದಲ್ಲಿ ಭಾಷಣವನ್ನೇ ಮಾಡಿದೆ. ಚೇಚಿ ಪೂರ್ತಿ ಕೇಳಿಸಿಕೊಂಡರು.

“ಮೋಳೇ, ಭಾಷೆ ಇನ್ನೂ ಬಂದಿಲ್ಲ, ಜಗಳ ಮಾತ್ರ ಚೆನ್ನಾಗಿ ಬಂದಿದೆ,” ಎಂದು, ಮಗಳೇ ಎಂದು ಕರೆದ ಸಲಿಗೆಯಲ್ಲೇ ನಕ್ಕು, ಬೇರೊಂದು ಅರ್ಜಿಯನ್ನು ತಳ್ಳಿದರು. “ಇದು ಕಾಲೇಜಿನದೇ ನಿಧಿ. ಇದರಲ್ಲಿ ಎಲ್ಲಿ ಹುಟ್ಟಿದೆ ಅಂತ ಕೇಳುವುದಿಲ್ಲ. ಮೊದಲು ಪೆನ್ಸಿಲಿನಲ್ಲಿ ತುಂಬಿಸು. ನಾನು ನೋಡುತ್ತೇನೆ.”

ಆ ನಂತರವೇ ಚೀಟಿಗಳು ಬರತೊಡಗಿದ್ದು. ಪಾಠ ನಡೆಯುತ್ತಿರುವಾಗ ಅಟೆಂಡರು ಬಾಗಿಲಲ್ಲಿ ನಿಂತು ಹೆಸರು ಕೂಗುವರು: “ಲೈಬ್ರರಿ ಬುಕ್ಕು!” ತರಗತಿ ನಗುವುದು. ನಾನು ತಪ್ಪಿತಸ್ಥಳಂತೆ ಎದ್ದು ಹೋಗುವೆ. ಕೌಂಟರಿನಲ್ಲಿ ಗ್ರಂಥಾಲಯದ ಮಾತೇ ಇಲ್ಲ. ತಿಂಗಳ ಊಟದ ಕೂಪನ್ನು ಲಕೋಟೆಯಲ್ಲಿ ಸಿದ್ಧವಾಗಿರುತ್ತಿತ್ತು. ನಿಜವಾಗಿ ಪುಸ್ತಕ ಮರಳಿಸದವರಿಗೆ ಬರಿಯ ಚೀಟಿ, ನೆರವು ಪಡೆಯುವವರಿಗೆ ಹಸಿರು ಚುಕ್ಕೆಯ ಚೀಟಿ. ಆ ವ್ಯತ್ಯಾಸ ಪಡೆದವರಿಗಷ್ಟೇ ಗೊತ್ತು. ಕಚೇರಿಗಳಲ್ಲಿ ಹಸಿರು ಮಸಿ ದೊಡ್ಡ ಅಧಿಕಾರಿಗಳಿಗೆ ಮೀಸಲು. ಒಂದು ಚುಕ್ಕೆಯ ಮಟ್ಟಿಗೆ ಚೇಚಿ ಆ ನಿಯಮವನ್ನು ದಿನವೂ ಮುರಿಯುತ್ತಿದ್ದರು.

ಮನೆಯಲ್ಲಿ ಅವ್ವನ ಕೈಗೂ ಒಂದೆರಡು ಚೀಟಿ ಸಿಕ್ಕವು. “ಇದೇನಿದು?” ಎಂದು ಕೇಳಿದಾಗ ಅಚ್ಚಾಗಿದ್ದುದನ್ನೇ ಓದಿ ಹೇಳಿದೆ. “ಏನ ಹುಡುಗೀನವ್ವಾ ನೀ, ಒಂದ ಪುಸ್ತಕ ವ್ಯಾಳ್ಯಾಕ್ಕ ತಿರುಗಿ ಕೊಡಾಕ ಆಗೂದಿಲ್ಲೇನ ನಿನಗ? ನಿಮ್ಮಪ್ಪ ಬ್ಯಾಂಕಿನ ಪೆನ್ನ ಸೈತ ಮನೀಗೆ ತಂದಾವಲ್ಲ,” ಎಂದು ಬೈದಳು. ಬೈಸಿಕೊಂಡೆ. ಅವಳು ಲಟ್ಟಿಸುವ ಚಪಾತಿಯಿಂದಲೇ ನನ್ನ ಮಧ್ಯಾಹ್ನದ ಊಟವೂ ನಡೆಯುತ್ತಿದೆಯೆಂದು ಅವಳು ನಂಬಿದ್ದಳು.

ನನ್ನ ಬೆಂಚಿನ ಗೆಳತಿಗೂ ಚುಕ್ಕೆಯ ಚೀಟಿ ಬರುತ್ತಿತ್ತು. ಅಂಬಲಮುಗಳ್‌ನಿಂದ ಬರುತ್ತಿದ್ದ, ನನಗಿಂತ ಹತ್ತು ವರ್ಷ ದೊಡ್ಡವಳಾದ, ಇಬ್ಬರು ಮಕ್ಕಳ ತಾಯಿ. ಗಂಡ ಗಲ್ಫಿನಲ್ಲಿದ್ದಾನೆ, ಕೆಲಸ ಸ್ವಲ್ಪ ತೊಂದರೆಯಲ್ಲಿದೆ ಎನ್ನುತ್ತಿದ್ದಳು. ಹಲಸಿನ ಹಣ್ಣಿನ ಪಾಕಕ್ಕೆ ಹದ ಕಾಣುವುದರಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿರಲಿಲ್ಲ. ಡಿಪ್ಲೊಮಾ ಕೈಗೆ ಬಂದರೆ ಒಂದು ಸಹಕಾರಿ ಘಟಕದಲ್ಲಿ ಕೆಲಸ ಕೊಡುವುದಾಗಿ ಮಾತಾಗಿತ್ತು. ಆ ಕಾಗದವೊಂದು ಅವಳಿಗೆ ಬೇಕಿತ್ತು. “ನಾವಿಬ್ಬರೂ ದೊಡ್ಡ ಪುಸ್ತಕಗಳ್ಳಿಯರು,” ಎಂದು ಕೂಪನ್ನಿನ ಊಟ ಮಾಡುತ್ತ ಅವಳು ಕಣ್ಣು ಮಿಟುಕಿಸುತ್ತಿದ್ದಳು. “ಓದಿದ್ದು ಮಾತ್ರ ಸೊನ್ನೆ.”

ಒಮ್ಮೆ ಚೇಚಿಯನ್ನು ಕೇಳಿದ್ದೆ, ಇಷ್ಟೆಲ್ಲ ಮುಚ್ಚುಮರೆ ಏಕೆಂದು. ಅವರು ತಿರುವನಂತಪುರದ ಹತ್ತಿರ ತುಂಬ ಎಂಬ ಕಡಲೂರಿನ ಮೀನುಗಾರರ ಮನೆಯ ಮಗಳು. ಶಾಲೆಯಲ್ಲಿ ಉಚಿತ ನೋಟುಪುಸ್ತಕ ಪಡೆಯುವವರ ಹೆಸರನ್ನು ಬೆಳಗಿನ ಪ್ರಾರ್ಥನೆಯ ಬಳಿಕ ಓದುತ್ತಿದ್ದರಂತೆ. ಹೆಸರು ಬಂದವರು ಎದ್ದು ನಿಲ್ಲಬೇಕು. “ಎರಡು ನಿಮಿಷ ನಿಂತಿರಬೇಕು, ಅಷ್ಟೇ,” ಎಂದರು ಚೇಚಿ, ಮೇಜಿನ ಸುಣ್ಣವನ್ನು ಅಂಗೈಯಿಂದ ಒರೆಸುತ್ತ. “ನನ್ನ ತಂಗಿ ಮಾರನೆಯ ವರ್ಷ ಶಾಲೆಗೇ ಹೋಗಲಿಲ್ಲ.”

ಇದನ್ನು ಕೇಳಿಯೂ ನಾನು ಮಾಡಿದ್ದನ್ನು ಈಗ ಹೇಳಬೇಕು.

ಎರಡನೇ ವರ್ಷದ ಹೊತ್ತಿಗೆ ನಾನು ವಿದ್ಯಾರ್ಥಿ ಹೋರಾಟದಲ್ಲಿ ಮುಂದಿದ್ದೆ. ನಿಜವಾದ ಅನ್ಯಾಯವೊಂದು ನಡೆದಿತ್ತು. ನಮ್ಮ ವಿಭಾಗದ ಅನೇಕ ಅರ್ಜಿಗಳು ಕಾರಣ ತಿಳಿಸದೆ ತಿರಸ್ಕೃತವಾಗಿದ್ದವು. ಪ್ರಭಾವವಿದ್ದವರಿಗೆ ಸುಲಭವಾಗಿ ಸಿಗುತ್ತದೆಂಬ ಮಾತಿತ್ತು. ಸಭೆಯಲ್ಲಿ ಪ್ರಾಂಶುಪಾಲರ ಎದುರು ಎದ್ದುನಿಂತು, ನೆರವು ಪಡೆದವರ ಪಟ್ಟಿಯನ್ನು ಕಾರಣಸಹಿತ ಸೂಚನಾ ಫಲಕದಲ್ಲಿ ಹಾಕಬೇಕೆಂದು ಆಗ್ರಹಿಸಿದೆ. ಕಡತ ಹಿಡಿದು ಬಂದಿದ್ದ ಚೇಚಿ ಎಲ್ಲರೆದುರು ನನಗೊಬ್ಬಳಿಗೇ ಎಂಬಂತೆ ಹೇಳಿದರು: “ನಂಬರ್ ಹಾಕೋಣ ಮೋಳೇ. ಹೆಸರು ಬೇಡ.”

“ನೆರವು ಭಿಕ್ಷೆಯಲ್ಲ, ಹಕ್ಕು. ಹಕ್ಕಿಗೆ ನಾಚಿಕೆ ಯಾಕೆ?” ಎಂದೆ ನಾನು. “ಮುಚ್ಚಿಡುವುದರಿಂದ ಯಾರಿಗೆ ಲಾಭ, ಚೇಚಿ?”

ಚಪ್ಪಾಳೆ ಬಿತ್ತು. ಚೇಚಿ ಕಡತದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು. ಪ್ರಾಂಶುಪಾಲರು ಸಂತೋಷದಿಂದಲೇ ಒಪ್ಪಿದರು. ಆ ಸಂತೋಷದ ಕಾರಣ ನನಗೆ ಹೊಳೆದದ್ದು ಬಹಳ ತಡವಾಗಿ. ನೆರವು ಸಿಗದವರಿಗೆ ಏಕೆ ಸಿಗಲಿಲ್ಲವೆಂದು ನಾವು ಕೇಳಬೇಕಿತ್ತು. ಸಿಕ್ಕಿದವರು ಯಾರೆಂದು ಕೇಳಿದೆವು. ಮೊದಲನೆಯದಕ್ಕೆ ಆಡಳಿತ ಉತ್ತರಿಸಬೇಕಿತ್ತು. ಎರಡನೆಯದಕ್ಕೆ ಒಂದು ಕಾಗದ ಅಂಟಿಸಿದರೆ ಸಾಕಾಗಿತ್ತು.

ಪಟ್ಟಿ ಬಿತ್ತು. ನನ್ನ ಹೆಸರಿನ ಮುಂದೆ ‘ಅನ್ಯರಾಜ್ಯ, ತಂದೆ ಮೃತ’ ಎಂದಿತ್ತು. ಅದರ ಕೆಳಗೆ ನಿಂತು ಎದೆಯುಬ್ಬಿಸಿ ಮಾತನಾಡಿದೆ. ನನ್ನ ಬೆಂಚಿನ ಗೆಳತಿಯ ಹೆಸರಿನ ಮುಂದೆ ‘ಗಂಡನಿಂದ ಪರಿತ್ಯಕ್ತೆ’ ಎಂದಿತ್ತು. ನನಗೂ ಆಗಲೇ ತಿಳಿದದ್ದು, ಗಲ್ಫ್ ಎಂಬುದು ಅವಳು ಊರಿಗೆ ಹೇಳಿಕೊಂಡಿದ್ದ ಮಾತೆಂದು. ಅವಳ ಬೀದಿಯ ಯಾರೋ ಪದವಿಯಲ್ಲಿ ಓದುತ್ತಿದ್ದರು. ಫಲಕದ ಚಿತ್ರ ಅವಳಿಗಿಂತ ಮೊದಲೇ ಅಂಬಲಮುಗಳ್ ತಲುಪಿತ್ತು. ಮರುದಿನ ಅವಳ ಜಾಗ ಖಾಲಿಯಿತ್ತು. ಅದರ ಮರುದಿನವೂ... ಫೋನು ಎತ್ತಲಿಲ್ಲ.

ಪಟ್ಟಿ ಬಿದ್ದ ಸಂಜೆಯೇ ಮನೆಯಲ್ಲಿ ನಾನು ಗೆದ್ದ ಸುದ್ದಿ ಹೇಳುತ್ತ ಚೀಟಿಯ ಗುಟ್ಟನ್ನೂ ಬಿಡಿಸಿ ಹೇಳಿದೆ. “ಸುಮ್ಮ ಸುಮ್ಮನ ಬೈದೆನಲ್ಲವ್ವಾ ನಿನಗ,” ಎಂದಳು ಅವ್ವ. ನನ್ನ ಗೆಲುವಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಆ ವಾರದ ಗುರುವಾರ ನನಗೆ ಚೀಟಿ ಬಂತು. ಹಸಿರು ಚುಕ್ಕೆಯಿತ್ತು. ಎಲ್ಲವೂ ಬಯಲಾದ ಮೇಲೆ ಇನ್ನೇತರ ಚುಕ್ಕೆ? ಚೇಚಿ ನನ್ನನ್ನು ಆಕ್ಷೇಪಿಸಲು ಕರೆಯುತ್ತಿದ್ದಾರೆಂದು ಭಾವಿಸಿದೆ. ಗೆಳತಿಯ ಖಾಲಿ ಜಾಗದ ಬಗ್ಗೆ ಅವರ ಬಾಯಿಂದ ಕೇಳುವ ಧೈರ್ಯ ನನಗಿರಲಿಲ್ಲ. ಆ ಅಳುಕನ್ನು ತತ್ತ್ವನಿಷ್ಠೆ ಎಂದು ಕರೆದುಕೊಂಡೆ. ಚೀಟಿಯನ್ನು ಮಡಿಸಿ ಪುಸ್ತಕದೊಳಗಿಟ್ಟೆ. ಹೋಗಲಿಲ್ಲ.

ಸೋಮವಾರ ಮೆಟ್ಟಿಲ ಬಳಿ ಎದುರಾದರು.

“ಗುರುವಾರ ಚೀಟಿ ಕಳಿಸಿದ್ದೆ.”

“ನನ್ನ ಹತ್ತಿರ ಯಾವ ಪುಸ್ತಕವೂ ಇರಲಿಲ್ಲವಲ್ಲ, ಚೇಚಿ,” ಎಂದೆ ಚುಚ್ಚುವ ದನಿಯಲ್ಲಿ.

ಅವರು ಕೋಪಿಸಿಕೊಳ್ಳಲಿಲ್ಲ. “ನಿನ್ನ ಗೆಳತಿಯ ಪರೀಕ್ಷೆಯ ಅರ್ಜಿ ಪೂರ್ತಿ ತುಂಬಿಸಿಟ್ಟಿದ್ದೆ. ಅವಳದೊಂದು ಸಹಿ ಬೇಕಿತ್ತು. ಮೊನ್ನೆ ಶನಿವಾರ ಕೊನೆಯ ದಿನವಾಗಿತ್ತು. ಬುಧವಾರ ನಾನೇ ಅಂಬಲಮುಗಳ್‌ಗೆ ಹೋದೆ. ಒಳಗಿದ್ದಳು, ಬಾಗಿಲು ತೆರೆಯಲಿಲ್ಲ. ನಾನು ಹೋದರೆ ಕಚೇರಿ ಹೋದ ಹಾಗೆ, ಮೋಳೇ. ನೀನು ಹೋಗಿದ್ದರೆ ತೆರೆಯುತ್ತಿದ್ದಳು.”

ಅಷ್ಟು ಹೇಳಿ ಕಿಟಕಿಯ ಹಿಂದಕ್ಕೆ ಹೋದರು. ರಾಸ್ನಾದಿಯ ವಾಸನೆ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ಉಳಿದಿತ್ತು... ಅಂದೇ ಬಸ್ಸು ಹಿಡಿದು ಗೆಳತಿಯ ಮನೆಗೆ ಹೋದೆ. ತೈಲ ಶುದ್ಧೀಕರಣಾಗಾರದ ಗೋಡೆಯ ಪಕ್ಕದ ಆ ಓಣಿಯಲ್ಲಿ ಮನೆಗೆ ಬೀಗವಿತ್ತು. ಮಕ್ಕಳನ್ನು ಕರೆದುಕೊಂಡು ಅಣ್ಣನ ಊರಿಗೆ ಹೋದಳೆಂದು ಎದುರು ಮನೆಯವರು ಹೇಳಿದರು. ಯಾವ ಊರೆಂದು ಅವರಿಗೂ ತಿಳಿದಿರಲಿಲ್ಲ. ಅವಳ ಫೋನು ಮತ್ತೆಂದೂ ಹತ್ತಲಿಲ್ಲ. ನಾನು ಪರೀಕ್ಷೆ ಬರೆದೆ, ತೇರ್ಗಡೆಯಾದೆ. ಪ್ರಮಾಣಪತ್ರವನ್ನು ಬೇರೆ ಕಿಟಕಿಯಲ್ಲಿ ಕೊಟ್ಟರು. ಮೆಟ್ಟಿಲ ಕೆಳಗೆ ಹೋಗಿ ಒಂದು ಮಾತು ಹೇಳಬೇಕಿತ್ತು, ಹೇಳದೆ ಹೊರಟುಬಂದೆ.

ಈಗ ನಾನು ತಿರುವನಂತಪುರದಲ್ಲಿ ವಿದ್ಯಾರ್ಥಿಗಳ ಹಕ್ಕಿಗಾಗಿ ದುಡಿಯುವ ಒಂದು ಸಂಘದಲ್ಲಿದ್ದೇನೆ. ಅವ್ವ ಹೋದ ಮೇಲೆ ಈ ಊರಿನಲ್ಲಿ ನನ್ನೊಂದಿಗೆ ಕನ್ನಡ ಮಾತನಾಡುವವರಿಲ್ಲ. ಮನವಿಗಳನ್ನೆಲ್ಲ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯುತ್ತೇನೆ. ಪ್ರತಿಯೊಂದು ಅನ್ಯಾಯಕ್ಕೂ ಅಲ್ಲೊಂದು ಕ್ರಮಸಂಖ್ಯೆಯಿರುತ್ತದೆ. ನಾನೇ ಮಾಡಿದ ಇದೊಂದನ್ನು ಮಾತ್ರ ಅವುಗಳಲ್ಲಿ ಎಲ್ಲಿಯೂ ಸೇರಿಸಲಾಗಿರಲಿಲ್ಲ.

ಚೀಟಿ ಸಿಕ್ಕಿದ ವಾರವೇ ನೆರವಿನ ನಿಯಮಗಳನ್ನು ಕುರಿತ ಸಭೆಯೊಂದಿತ್ತು. ಹೆಸರುಗಳನ್ನು ಪ್ರಕಟಿಸಬಾರದು, ಸಂಖ್ಯೆ ಸಾಕು; ತಿರಸ್ಕರಿಸಿದ ಅರ್ಜಿಗೆ ಮಾತ್ರ ಲಿಖಿತ ಕಾರಣ ಕೊಡಬೇಕು ಎಂದೆ. ಎದುರಿಗಿದ್ದ ವಿದ್ಯಾರ್ಥಿನಿ ಪ್ರತಿನಿಧಿ ಪ್ರೀತಿಯಿಂದಲೇ ನನ್ನನ್ನು ತಿದ್ದಿದಳು: “ಇದು ಹಕ್ಕಲ್ಲವಾ ಚೇಚಿ? ಹಕ್ಕಿಗೇಕೆ ನಾಚಿಕೆ?” ಕಣ್ಣುಗಳಲ್ಲಿ ಎಷ್ಟು ಬೆಳಕಿತ್ತು! ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಾಗಿಲು ತೆರೆಯದ ಮನೆಯೊಂದರ ಬಗ್ಗೆ ಹೇಳಬೇಕೆಂದುಕೊಂಡೆ, ಮುಂದಿದ್ದ ಕರಡಿನ ಹಾಳೆಯನ್ನು ತಿರುಗಿಸಿದೆ. ‘ಪರಿಶೀಲಿಸಲಾಗುವುದು’ ಎಂದು ಅಧಿಕಾರಿ ಬರೆದುಕೊಂಡರು.

ಆ ಭಾನುವಾರ, ನಿವೃತ್ತರಾಗಿ ಚೇಚಿ ಮರಳಿರಬಹುದಾದ ಅವರ ಊರು ತುಂಬಕ್ಕೆ ಹೋದೆ. ನಾನಿರುವಲ್ಲಿಂದ ಒಂದೇ ಬಸ್ಸು. ಇಷ್ಟು ವರ್ಷ ಹೋಗದಿರಲು ನನಗಿದ್ದ ಕಾರಣಗಳಲ್ಲಿ ಒಂದೂ ಆ ಬಸ್ಸಿನಲ್ಲಿ ನೆನಪಾಗಲಿಲ್ಲ. ಇಗರ್ಜಿಯ ಹಿಂದಿನ ಮನೆಯ ಅಂಗಳದಲ್ಲಿ ಬಲೆ ಒಣಗುತ್ತಿತ್ತು. ಹೊರಬಂದವರು ಅವರ ತಂಗಿ, ಶಾಲೆ ಬಿಟ್ಟ ಆ ತಂಗಿ. ಚೇಚಿ ತೀರಿಕೊಂಡು ಎರಡು ವರ್ಷವಾಗಿತ್ತು.

“ಕಾಲೇಜಿನಿಂದ ಯಾರಾದರೂ ಬಂದಿದ್ದರೇ?” ಎಂದು ಕೇಳಿದೆ.

“ಯಾರೂ ಬರಲಿಲ್ಲ, ಮೋಳೇ. ಅಷ್ಟು ವರ್ಷ ಅಷ್ಟು ಮಕ್ಕಳಿಗೆ ಮಾಡಿದಳು ಅಂತ ಗೊತ್ತು. ಆದರೆ ಒಬ್ಬರ ಹೆಸರನ್ನೂ ಮನೆಯಲ್ಲಿ ಹೇಳಿದವಳಲ್ಲ. ನಾವು ಯಾರಿಗೆ ತಿಳಿಸುವುದು?”

ನನ್ನ ಹೆಸರು ಕೇಳಿದರು. ಹೇಳಿದೆ. ಅವರಿಗೆ ಅದು ಹೊಸ ಹೆಸರು. ಹಾಲಿಲ್ಲದ ಕಟ್ಟನ್ ಚಹಾ ಕೊಟ್ಟರು, ಕುಡಿದೆ. ಹೊರಡುವಾಗ ಚೀಟಿಯನ್ನು ತೋರಿಸಿದೆ. ಮೂಲೆಯ ಚುಕ್ಕೆಯ ಮೇಲೆ ಬೆರಳಾಡಿಸಿ, “ಇದೇನು, ಮಸಿ ತಾಗಿದೆಯಾ?” ಎಂದರು.

“ಹೌದು,” ಎಂದೆ.

ಚೀಟಿ ಈಗ ಹೊಸ ಮನೆಯ ಮೇಜಿನ ಮೇಲಿದೆ. ಕೂಡಲೇ ಬರತಕ್ಕದ್ದು ಎಂದು ಈಗಲೂ ಹೇಳುತ್ತದೆ. ಅಂದು ಗುರುವಾರ ನನ್ನ ತರಗತಿಯಿಂದ ಆ ಕಿಟಕಿಗೆ ಇಪ್ಪತ್ತು ಹೆಜ್ಜೆ ಇದ್ದಿರಬಹುದು...