ಮಿಲಿಂದಣ್ಣ, ಇವತ್ತು ಮೈದಾನದಲ್ಲಿ ಬೈಯುವವರೇ ಇರಲಿಲ್ಲ

ಬೇರೆ ಯಾರೋ ಮಿಲಿಂದ ಇರಬೇಕು...
ಬೀದರ್ ಆಸ್ಪತ್ರೆಯ ಬಾಗಿಲವರೆಗೂ ಹಾಗೇ ಅಂದುಕೊಂಡು ಹೋದೆ.

ಬೆಳಿಗ್ಗೆಯಷ್ಟೇ ವಾಯ್ಸ್ ಮೆಸೇಜ್ ಹಾಕಿದ್ದ.
"ತಮ್ಮಾ, ಭಾನುವಾರ ಹುಡ್ಗೇರ ಸೆಲೆಕ್ಷನ್ ಅದ. ನಿನ್ನ ಕ್ರಾಂತಿ ಬಾಜೂಕಿಟ್ಟು ಸುಣ್ಣದ ಪುಡಿ ತಗೊಂಡು ಬಾ."

ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ.
ಮಧ್ಯಾಹ್ನ ಬಿಳಿ ಬಟ್ಟೆ ಸರಿಸಿ ಮುಖ ತೋರಿಸಿದರು...
ಹಾರ್ಟ್ ಅಟ್ಯಾಕ್ ಅಂತೆ.
ನಲವತ್ತೂ ದಾಟಿರದ ಮನುಷ್ಯ...

ಗೊತ್ತಿಲ್ಲದ ಗೆಳೆಯರಿಗಾಗಿ ಹೇಳುತ್ತೇನೆ.
ಮಿಲಿಂದಣ್ಣ ಭಾಲ್ಕಿಯ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರ.
ರಜೆಯ ದಿನಗಳಲ್ಲಿ ಊರ ಮೈದಾನದಲ್ಲಿ ಹುಡುಗಿಯರಿಗೆ ಬೇಸ್‌ಬಾಲ್ ಕಲಿಸುತ್ತಿದ್ದ. ಕ್ರಿಕೆಟ್ ಅಲ್ಲ... ಬೇಸ್‌ಬಾಲ್.
ಔರಾದ್ ಕಡೆಯ ಚಿಂತಾಕಿಯಿಂದ, ಡಾಬಕಾದಿಂದ ಹುಡುಗಿಯರು ಬಸ್ ಬದಲಿಸಿ ಬರುತ್ತಿದ್ದರು.
ಅವರ ಅಪ್ಪಂದಿರ ಜೊತೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ವಾದ ಮಾಡಿ ಒಪ್ಪಿಸಿದವನು ಇವನೇ.

ಅವನ ಫೋನಿನಲ್ಲಿ ಒಂದು ವಿಡಿಯೋ ಇತ್ತು. ಕೆರಿಬಿಯನ್ ಕಡೆಯ ಯಾವುದೋ ದ್ವೀಪದ ಬೇಸ್‌ಬಾಲ್ ಸ್ಟೇಡಿಯಂ.
ಸಿಕ್ಕವರಿಗೆಲ್ಲ ತೋರಿಸುತ್ತಿದ್ದ.
ಮೊದಲು ಅದು ಕಬ್ಬಿನ ಗದ್ದೆ. ಸಕ್ಕರೆ ಗಿರಣಿಯ ಕೂಲಿಗಳು ಕಬ್ಬು ಕಡಿದ ಜಾಗದಲ್ಲಿ ಆಡಲು ಶುರು ಮಾಡಿದರು. ಆಮೇಲೆ ಗ್ಯಾಲರಿ ಬಂತು, ದೀಪ ಬಂತು. ಅಲ್ಲೇ ಭಾಷಣ, ಅಲ್ಲೇ ಮುಷ್ಕರದ ಸಭೆ, ಅಲ್ಲೇ ಹಾಡು ಕುಣಿತ.
ಒಮ್ಮೆ ಚಂಡಮಾರುತ ಊರಿನ ಮನೆಗಳನ್ನೆಲ್ಲ ಕಿತ್ತುಕೊಂಡು ಹೋದಾಗ ಜನ ಗ್ಯಾಲರಿಯ ಕೆಳಗೆ ಮಕ್ಕಳನ್ನು ಮಲಗಿಸಿಕೊಂಡರು.
ಗಾಳಿ ನಿಂತ ಮೇಲೆ ಎಲ್ಲರೂ ಸೇರಿ ನೆಲ ಸಮ ಮಾಡಿದರು... ಮತ್ತೆ ಆಟ.

"ನೋಡು, ಅದೂ ನಮ್ಮ ಭಾಲ್ಕಿಗತೇ ಕಬ್ಬಿನ ಊರು" ಅನ್ನುತ್ತಿದ್ದ.

ನಮ್ಮ ಮೈದಾನವೂ ಕಡಿಮೆ ಕಂಡಿಲ್ಲ. ನಿಜಾಮರ ಕಾಲದಲ್ಲಿ ಕುದುರೆ ಕಟ್ಟುತ್ತಿದ್ದರಂತೆ. ಈಗ ಭೀಮ ಜಯಂತಿಯ ಮೆರವಣಿಗೆ ಅಲ್ಲಿಂದಲೇ ಹೊರಡುತ್ತದೆ. ಈದ್ ನಮಾಜ್, ಮದುವೆ, ಸರ್ಕಸ್, ಚುನಾವಣೆ ಬಂದರೆ ಹೆಲಿಕಾಪ್ಟರ್... ಕೊರೊನಾದಲ್ಲಿ ತರಕಾರಿ ಸಂತೆ.

ನಾನು ಕ್ರಾಂತಿಯ ಕರಪತ್ರ ಓದಿ ತಲೆ ಬಿಸಿ ಮಾಡಿಕೊಂಡವನು. ಮೈದಾನ ಆಟಕ್ಕೆ ಮಾತ್ರ, ಉಳಿದವರನ್ನೆಲ್ಲ ಓಡಿಸಬೇಕು ಅಂದಿದ್ದೆ.
ಅಣ್ಣ ನಕ್ಕಿದ್ದ.
"ಯಾಕ ಓಡಿಸ್ತಿ? ಎಲ್ಲಾರೂ ಬರ್ಲಿ. ಹೋಗಾಗ ತಮ್ಮ ತೆಗ್ಗು ತಾವು ಮುಚ್ಚಿ ಹೋಗ್ಲಿ. ಇಷ್ಟೇ ನನ್ನ ಪಾರ್ಟಿ."

ತೆಗ್ಗು ಅಂದರೆ ಪೆಂಡಾಲ್ ಕಂಬದ ಗುಂಡಿ. ಕಾರ್ಯಕ್ರಮ ಮುಗಿದು ಕಂಬ ಹೋಗುತ್ತದೆ, ಗುಂಡಿ ಉಳಿಯುತ್ತದೆ.
ಅಂಥದ್ದೇ ಒಂದು ಗುಂಡಿಯಲ್ಲಿ ಡಾಬಕಾದ ಸುಮನ್ ಓಡುತ್ತ ಕಾಲು ಮುರಿದುಕೊಂಡಳು. ಅವಳ ಅಪ್ಪ ಆಟವನ್ನೇ ಬಿಡಿಸಿದ. ಅವನ ಮನಸ್ಸು ತಿರುಗಿಸಿ ಈ ವರ್ಷವಷ್ಟೇ ಅವಳನ್ನು ಮತ್ತೆ ಕರೆತಂದಿದ್ದ ಅಣ್ಣ.
ಭಾನುವಾರದ ಜಿಲ್ಲಾ ತಂಡದ ಸೆಲೆಕ್ಷನ್ನೇ ಅವಳಿಗೆ ಕೊನೆಯ ಅವಕಾಶ, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ.

ಅಣ್ಣಾ...
ಖಾಜಾ ಭಾಯಿ ಜೊತೆ ನಿನ್ನ ಜಗಳ ಕೇಳಲೆಂದೇ ನಾನು ಸಂಜೆ ಬರುತ್ತಿದ್ದೆ, ಗೊತ್ತಾ ನಿನಗೆ?
ಭಾಲ್ಕಿಯ ಪೆಂಡಾಲ್‌ಗಳೆಲ್ಲ ಅವರವೇ. ಹಾರೆ ನೆಲಕ್ಕೆ ಬಿದ್ದ ಸದ್ದಿಗೇ ನೀನು ಓಡುತ್ತಿದ್ದೆ.
"ಖಾಜಾ ಭಾಯಿ, ಮದುವಿ ನಿಮ್ದು, ತೆಗ್ಗು ನನಗ ಯಾಕ್ರಿ?"
"ಅರೇ ಮಾಸ್ತರ್, ಗೇಣುದ್ದ ತೆಗ್ಗಿಗಿ ಇಷ್ಟ್ ಗದ್ದಲಾ? ನಿಮ್ ಹುಡ್ಗೇರು ಜಿಗಿದು ಹೋಗ್ತಾರ ತಗೋರಿ."
"ಜಿಗೀಲಿಕ್ಕಿ ಅವ್ರೇನ್ ಮಂಗ್ಯಾ ಏನ್ರಿ? ಹಿಡೀರಿ ಬುಟ್ಟಿ."
"ನಿಮಗ ಮಾಸ್ತರ್ ಯಾರ್ ಮಾಡಿದ್ರು? ಜೇಲರ್ ಆಗಬೇಕಿತ್ರಿ ನೀವು."
ಆಮೇಲೆ ಇಬ್ಬರೂ ಸೇರಿ ಗುಂಡಿ ಮುಚ್ಚಿ, ಒಂದೇ ಚಹಾ ಹಂಚಿಕೊಂಡು ಕುಡಿಯುತ್ತಿದ್ದಿರಿ...

ಇವತ್ತು ಸಂಜೆ ಏನಾಯಿತು ಗೊತ್ತಾ?
ನಿನ್ನ ಅಭಿಮಾನಿಗಳು ನಾಳೆ ಬೆಳಿಗ್ಗೆ ದೊಡ್ಡ ಶ್ರದ್ಧಾಂಜಲಿ ಸಭೆ ಇಟ್ಟಿದ್ದಾರೆ. ನಿನ್ನ ಮೇಲಿನ ಪ್ರೀತಿಯಿಂದಲೇ...
ನಿನ್ನ ಮೈದಾನದಲ್ಲೇ... ಪೆಂಡಾಲ್ ಹಾಕಿ.

ನಾನು ಹೋಗುವಷ್ಟರಲ್ಲಿ ಹುಡುಗಿಯರು ಓಡಿ ಬಂದು ಮುಟ್ಟುವ ಸೆಕೆಂಡ್ ಬೇಸ್ ಹತ್ತಿರ ಅಗೆದಾಗಿತ್ತು. ಮೈದಾನಕ್ಕೆ ಹಾಸಿದ ಮುರುಮಿನ, ಆ ಕೆಂಪು ಗರಸು ಮಣ್ಣಿನ ಮೇಲೆ ಒಳಗಿನ ಕಪ್ಪು ಮಣ್ಣು ರಾಶಿ ಬಿದ್ದಿತ್ತು.
ಸುಮನ್ ದೂರದಲ್ಲಿ ಗ್ಲೌಸ್ ಹಿಡಿದು ನಿಂತಿದ್ದಳು.
ನನಗೆ ಮೈಯೆಲ್ಲ ಉರಿದುಹೋಯಿತು. ಕೂಗಾಡಲೆಂದೇ ಹತ್ತಿರ ಹೋದೆ.
ಖಾಜಾ ಭಾಯಿ ಗುಂಡಿಯ ಅಂಚಿನಲ್ಲಿ ಕೂತಿದ್ದರು, ಹಾರೆ ತೊಡೆಯ ಮೇಲೆ.

"ಮೊದಲ್ನೇ ತೆಗ್ಗಿಗೇ ಓಡಿ ಬರ್ತಿದ್ರು..." ಅಂದರು.
"ಇವತ್ತ ತೋಡಿ ತೋಡಿ ಗೇಟ್ ಕಡಿ ನೋಡೀನಿ. ಯಾರೂ ಬೈಲಿಲ್ರಿ ತಮ್ಮಾ..."

ನಾನೂ ಬೈಯಲಿಲ್ಲ. ಅವರ ಪಕ್ಕ ಕೂತೆ.

ಸಭೆಯ ಹೊಣೆ ಹೊತ್ತವರು ಬಂದು ಕೇಳಿದರು, "ಯಾಕ ಕೆಲ್ಸ ನಿಲ್ಸೀರಿ? ನಾಳಿ ದೊಡ್ಡ ದೊಡ್ಡ ಮಂದಿ ಬರ್ತಾರ್ರಿ."
ಖಾಜಾ ಭಾಯಿ ಎದ್ದರು.
"ಬರ್ಲಿ. ಒಂದಿನ ಬಿಸಿಲು ತಿನ್ಲಿ. ಈ ನೆಲದಾಗ ನಾ ಇನ್ನೊಂದು ಕಂಬ ನೆಡಂಗಿಲ್ಲ."

ಬುಟ್ಟಿ ಹಿಡಿದವಳು ಸುಮನ್. ಮಣ್ಣು ತುಂಬಿ, ನೀರು ಹಾಕಿ, ತುಳಿದೆವು. ಕೊನೆಗೆ ಅವಳು ಅದರ ಮೇಲೆ ಒಮ್ಮೆ ಓಡಿ ನೋಡಿದಳು... ಕಾಲು ಇಳಿಯಲಿಲ್ಲ.

ಗೆಳೆಯರೇ,
ನಾಳೆಯ ಸಭೆಗೆ ಪೆಂಡಾಲ್ ಇಲ್ಲ, ಸ್ಟೇಜ್ ಇಲ್ಲ. ಹಾರ ತರಬೇಡಿ. ಒಂದು ಬುಟ್ಟಿ ಮುರುಮು ತನ್ನಿ. ಹಳೆಯ ಗುಂಡಿಗಳು ಇನ್ನೂ ಇವೆ. ಬೀದರ್‌ನಿಂದ, ಔರಾದ್‌ನಿಂದ ಬರುವವರೂ ಅಷ್ಟೇ.
ಭಾನುವಾರ ಸೆಲೆಕ್ಷನ್ ನಡೆದೇ ನಡೆಯುತ್ತದೆ. ಸುಣ್ಣದ ಗೆರೆ ನಾನು ಹಾಕುತ್ತೇನೆ.

ಅಣ್ಣಾ,
ನಿನ್ನ ಪಾರ್ಟಿಗೆ ಇವತ್ತು ಖಾಜಾ ಭಾಯಿ ಸೇರಿದರು. ನಾನೂ ಸೇರಿದೆ... ತಡವಾಗಿ.
ಆತ್ಮದ ಮಾತು ಎತ್ತಿದರೆ ನಗುತ್ತಿದ್ದವನು ನೀನು. ಅದಕ್ಕೇ ಇಷ್ಟು ಮಾತ್ರ...
ತುಂಬ ಓಡಾಡಿದ್ದೆ. ಶಾಂತವಾಗಿ ಮಲಗು.
ನೆಲ ಸಮ ಮಾಡಿದ್ದೇವೆ.
ಜೈ ಭೀಮ್, ಮಿಲಿಂದಣ್ಣ.