ಹಾಡಿಲ್ಲದೆ ಹತ್ತು ಕಿಲೋಮೀಟರು

ಓಡುವಾಗ ಹಾಡು ಕೇಳಬಾರದು ಎಂದು ಬುದ್ಧಿ ಹೇಳುವವರಲ್ಲಿ ಅರ್ಧ ಜನ ಓಡುವುದೇ ಇಲ್ಲ. ನನ್ನ ಗಂಡ ಆ ಪೈಕಿ. ಅಂಬಲಮುಗಳ್‌ನ ರಿಫೈನರಿಯಲ್ಲಿ ಎಂಜಿನಿಯರು. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ಕೆಳಗೆ ಇಬ್ಬರು ಹಿಡಿದುಕೊಂಡಿರಬೇಕು ಎನ್ನುವ ಮನುಷ್ಯ. ಕಿವಿಗೆ ಬಿರಡೆ ಹಾಕಿಕೊಂಡು ಹೋದರೆ ಎರ್ನಾಕುಲಂನ ಪ್ರೈವೇಟ್ ಬಸ್ಸು ಒಂದು ದಿನ ನನ್ನನ್ನು ಹೊಸಕಿ ಹಾಕುತ್ತದೆ ಎಂದು ಸೋಫಾದ ಮೇಲೆ ಕಾಲು ಚಾಚಿ ಭವಿಷ್ಯ ನುಡಿಯುತ್ತಿದ್ದರು. ಇಲ್ಲಿನ ಬಸ್ಸುಗಳು ಹಾರ್ನ್ ಹೊಡೆಯುವುದು ಎಚ್ಚರಿಸುವುದಕ್ಕಲ್ಲ, ಸುದ್ದಿ ಮುಟ್ಟಿಸುವುದಕ್ಕೆ. ಕೇಳಿಸಿದರೂ ಅಷ್ಟೇ, ಕೇಳಿಸದಿದ್ದರೂ ಅಷ್ಟೇ ಎಂಬುದು ನನ್ನ ವಾದ. ಅಲ್ಲದೆ ನಾನು ಓಡುತ್ತಿದ್ದುದು ಮರೀನ್ ಡ್ರೈವಿನ ಕಾಲುದಾರಿಯಲ್ಲಿ. ಅಲ್ಲಿಗೆ ಬಸ್ಸು ಬರಬೇಕಾದರೆ ಹಿನ್ನೀರಿನಿಂದಲೇ ಎದ್ದು ಬರಬೇಕಿತ್ತು.

ನಾನು ಮೈಸೂರಿನವಳು. ಬ್ಯಾಂಕಿನ ಕೆಲಸದ ಮೇಲೆ ಕೇರಳಕ್ಕೆ ಬಂದು ಹದಿನೇಳು ವರ್ಷವಾಯಿತು. ನಲವತ್ತಾರಕ್ಕೆ ಕಾಲಿಟ್ಟಾಗ ಡಾಕ್ಟರು ಸಕ್ಕರೆ ಇನ್ನೇನು ಬಂದೇಬಿಟ್ಟಿತು ಎಂದು ಹೆದರಿಸಿ ದಿನಾ ನಡೆಯಲು ಹೇಳಿದರು. ನಡೆಯುವುದಾದರೆ ಎಲ್ಲರೂ ನಡೆಯುತ್ತಾರೆ ಎಂದು ಹಠಕ್ಕೆ ಬಿದ್ದು ನಾನು ಓಡಿದೆ. ಮೊದಲ ದಿನ ಯಾರೋ ಏದುಸಿರು ಬಿಡುತ್ತಾ ಹಿಂದೆಯೇ ಬರುತ್ತಿದ್ದಾರೆ ಅನ್ನಿಸಿ ಎರಡು ಸಲ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅದು ನಾನೇ.

ಮರುದಿನದಿಂದ ಇಯರ್‌ಫೋನ್ ಬಂತು. ಕಾಲೇಜಿನ ಕಾಲದ ಕನ್ನಡ ಸಿನಿಮಾ ಹಾಡುಗಳನ್ನೆಲ್ಲ ಗುಡ್ಡೆ ಹಾಕಿಕೊಂಡೆ. ದೂರವನ್ನು ಹಾಡಿನಲ್ಲೇ ಅಳೆಯತೊಡಗಿದೆ: ಮನೆಯಿಂದ ಬೋಟ್ ಜೆಟ್ಟಿಗೆ ಮೂರು ಹಾಡು, ವಾಪಸ್ಸು ಬರಲು ನಾಲ್ಕು, ಏಕೆಂದರೆ ವಾಪಸ್ಸು ಬರುವಾಗ ನಾನು ನಿಧಾನ. ಇನ್ನೊಂದು ಕಾರಣವೂ ಇತ್ತು. ಬ್ಯಾಂಕಿನಲ್ಲಿ ದಿನವಿಡೀ ಮಲಯಾಳ, ಇಂಗ್ಲಿಷು. ಗಂಡ ಕನ್ನಡದವರೇ, ಆದರೆ ಯಾವ ಭಾಷೆಯಲ್ಲೂ ಹೆಚ್ಚು ಮಾತಾಡುವವರಲ್ಲ. ಕಿವಿ ತುಂಬ ಕನ್ನಡ ಸಿಗುತ್ತಿದ್ದುದು ಆ ಅರ್ಧ ಗಂಟೆ ಮಾತ್ರ.

ಹಾಗಾದರೆ ಮಗಳು? ಅವಳಿಗೆ ಹದಿನೈದು, ಹುಟ್ಟಿದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಊಟ ಮಾಡ್ತೀಯಾ ಅಂದರೆ ‘ವೇಂಡ’, ಅಂದರೆ ಬೇಡ. ಕೋಪ ಬಂದಾಗ ಇಂಗ್ಲಿಷು. ಎಲ್ಲವೂ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಒಂದಕ್ಷರ ಹೊರಡದು. ‘ಕನ್ನಡದಲ್ಲಿ ಹೇಳು’ ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ. ಗದರಿದೆ, ಗೋಗರೆದೆ, ಮುನಿಸಿಕೊಂಡು ಮಾತು ಬಿಟ್ಟೆ. ಬಿಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ. ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಆಗ ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ಹೆತ್ತ ಮಗಳು ನನ್ನ ಭಾಷೆಯಲ್ಲಿ ನನ್ನ ಜೊತೆ ಒಂದು ಜಗಳವನ್ನೂ ಆಡಿರಲಿಲ್ಲ.

ಒಂದು ಭಾನುವಾರ ಓಟದ ನಡುವೆ ಫೋನಿನ ಚಾರ್ಜು ಮುಗಿಯಿತು. ಹಾಡು ನಿಂತಿತು, ಕಾಲೂ ನಿಂತಿತು. ಆಟೋ ಹತ್ತಿ ಮನೆಗೆ ಬಂದೆ. ಮಗಳಿಗೆ ನಕ್ಕು ನಕ್ಕು ಸಾಕಾಯಿತು. ಪಾಟ್ಟು, ಅಂದರೆ ಹಾಡು, ಇಲ್ಲದಿದ್ದರೆ ಅಮ್ಮ ಗೇಟಿನ ತನಕವೂ ಓಡಲಾರಳು ಎಂದು ಅಪ್ಪನಿಗೆ ಮಲಯಾಳದಲ್ಲಿ ವರದಿ ಒಪ್ಪಿಸಿದಳು. ನನಗೆ ರೇಗಿತು. ತಿರುವನಂತಪುರದಲ್ಲಿ ಮುಂದಿನ ತಿಂಗಳು ಹತ್ತು ಕಿಲೋಮೀಟರಿನ ಓಟವಿದೆ, ಹಾಡಿಲ್ಲದೆ ಓಡಿ ಮುಗಿಸುತ್ತೇನೆ, ಏನು ಕೊಡ್ತೀಯ ಎಂದೆ. ಏನು ಬೇಕು ಎಂದಳು. ಓಣಂ ತನಕ ನನ್ನ ಜೊತೆ ಬರೀ ಕನ್ನಡ ಎಂದೆ. ಅವಳು ತನ್ನ ಷರತ್ತು ಹೇಳಿದಳು: ನಾನು ಸೋತರೆ ‘ಕನ್ನಡದಲ್ಲಿ ಹೇಳು’ ಎಂಬ ಮಾತನ್ನು ಇನ್ನು ಜೀವಮಾನದಲ್ಲಿ ಎತ್ತಬಾರದು. ಆದರೂ ಒಪ್ಪಿಕೊಂಡೆ.

ಆ ಒಂದು ತಿಂಗಳು ಕಿವಿ ಖಾಲಿ ಬಿಟ್ಟುಕೊಂಡು ಓಡಿದೆ. ದೋಣಿಯ ಎಂಜಿನ್ನು, ಕಾಗೆ, ಮುಂದೆ ನಡೆಯುವ ಹೆಂಗಸರ ಸೊಸೆಯಂದಿರ ಪುರಾಣ, ಇಷ್ಟೆಲ್ಲ ಇಷ್ಟು ದಿನ ಎಲ್ಲಿತ್ತು ಅನ್ನಿಸಿತು. ಸೊಸೆಯಂದಿರ ಕಥೆ ಕೇಳಲೆಂದು ಒಂದೆರಡು ದಿನ ಬೇಕೆಂದೇ ನಿಧಾನ ಮಾಡಿದ್ದೂ ಉಂಟು. ಆದರೆ ನಾಲ್ಕನೆಯ ಕಿಲೋಮೀಟರಿನ ನಂತರ ಬರೀ ನನ್ನ ಉಸಿರು, ಹಳೇ ಗ್ರೈಂಡರಿನ ಹಾಗೆ. ಹೇಗೋ ಮಾಡಿ ಎಂಟು ಕಿಲೋಮೀಟರು ಓಡುವಷ್ಟಾದೆ.

ಮಾಡಿದ ತಪ್ಪು ತಿರುವನಂತಪುರದಲ್ಲಿ ತಿಳಿಯಿತು. ಎರ್ನಾಕುಲಂ ಚಪ್ಪಟೆ ಊರು. ಅಲ್ಲಿ ಏರು ಅಂದರೆ ಫ್ಲೈಓವರ್. ತಿರುವನಂತಪುರ ಗುಡ್ಡಗಳ ಮೇಲೆ ಕೂತ ಊರು. ಹದಿನೇಳು ವರ್ಷದಲ್ಲಿ ಆಫೀಸಿನ ಮೀಟಿಂಗಿಗೆಂದು ನೂರು ಸಲ ಅಲ್ಲಿಗೆ ಹೋಗಿದ್ದೆ, ಆದರೆ ಎಲ್ಲಾ ಸಲವೂ ಕಾರಿನಲ್ಲಿ. ಹತ್ತುವುದು ಕಾರಿನ ಪಾಡು, ನನಗೇನು ಗೊತ್ತು? ಬೆಳಗ್ಗೆ ಆರಕ್ಕೆ ಕವಡಿಯಾರಿನಿಂದ ಹೊರಟಾಗ ಮೊದಲು ಸಿಕ್ಕಿದ್ದು ಇಳಿಜಾರು. ಅಯ್ಯೋ ಇಷ್ಟೇನಾ ಎಂದು ಹಿಗ್ಗಿ ಓಡಿದೆ. ಇಳಿದದ್ದನ್ನೆಲ್ಲ ವಾಪಸ್ಸು ಹತ್ತಬೇಕು ಎನ್ನುವುದು ಹೊಳೆದದ್ದು ಏಳನೆಯ ಕಿಲೋಮೀಟರಿನಲ್ಲಿ, ಮ್ಯೂಸಿಯಮ್ಮಿನ ಹತ್ತಿರ. ಎದುರಿಗೆ ವೆಳ್ಳಯಂಬಲಂ ಕಡೆಯ ಏರು ಎದ್ದು ನಿಂತಿತ್ತು.

ಸೊಂಟದ ಚೀಲದಲ್ಲಿ ಫೋನಿತ್ತು. ಎಲ್ಲಿ ಬಿದ್ದೆ ಅಂತ ಹೇಳಲಾದರೂ ಬೇಕಲ್ಲ. ಅದರ ಪಕ್ಕದಲ್ಲಿ ಇಯರ್‌ಫೋನಿನ ಪುಟ್ಟ ಡಬ್ಬಿಯೂ ಇತ್ತು. ಮರೆತು ಉಳಿದಿತ್ತು ಎಂದು ಹೇಳುತ್ತೇನೆ, ನೀವು ನಂಬಬೇಕಾಗಿಲ್ಲ. ಕ್ಯಾಪನ್ನು ಕಿವಿ ಮುಚ್ಚುವಷ್ಟು ಕೆಳಗೆಳೆದು ಎರಡೂ ಕಿವಿಗೆ ತುರುಕಿಕೊಂಡೆ. ಯಾರು ನೋಡುತ್ತಾರೆ? ಹಾಡು ಶುರುವಾಯಿತು. ನಾಚಿಕೆಯಿಲ್ಲದ ಕಾಲುಗಳು ತಾವಾಗಿಯೇ ಎದ್ದವು.

ಏರಿನ ಅರ್ಧದಲ್ಲಿ ಗಂಡ ಮಗಳು ಇಬ್ಬರೂ ಕಂಡರು. ಅವರು ಓಟ ಮುಗಿಯುವ ಕಡೆ ಕಾಯುತ್ತೇವೆ ಎಂದಿದ್ದವರು. ಮಗಳು ರಸ್ತೆಗಿಳಿದು ನನ್ನ ಪಕ್ಕದಲ್ಲೇ ಓಡತೊಡಗಿದಳು, ಗಂಡ ದಾಪುಗಾಲು ಹಾಕುತ್ತಾ ಹಿಂದೆಯೇ ಬಂದರು. ಬಾಯಿ ಆಡುತ್ತಿತ್ತು, ಕೈ ಬೀಸುತ್ತಿತ್ತು, ಮುಖ ಕೆಂಪಗಾಗಿತ್ತು. ನನಗೆ ಕೇಳುತ್ತಿದ್ದುದು ಹಾಡು. ಸಿಕ್ಕಿಬಿದ್ದೆ, ಬೈಯುತ್ತಿದ್ದಾಳೆ ಎಂದುಕೊಂಡು ಮುಖ ನೇರ ಇಟ್ಟುಕೊಂಡು ಓಡಿದೆ. ಅವಳು ಬಿಡಲಿಲ್ಲ, ಅಷ್ಟುದ್ದಕ್ಕೂ ಮಾತಾಡುತ್ತಲೇ ಬಂದಳು. ಕೊನೆಗೆ ತಡೆಯಲಾರದೆ ಒಂದು ಕಿವಿಯದನ್ನು ಕಿತ್ತೆ.

“...ಗೊತ್ತಾಯ್ತಾ, ಅಮ್ಮಾ?” ಎಂದಳು ಮಗಳು. ಕನ್ನಡದಲ್ಲಿ.

ನಾನು ಗಾಬರಿಯಲ್ಲಿ ಹೂಂ ಎಂದೆ. ಅವಳು ನನ್ನ ಕೈಯಲ್ಲಿದ್ದ ಇಯರ್‌ಫೋನ್ ನೋಡಿದಳು, ನನ್ನ ಮುಖ ನೋಡಿದಳು, ಅಲ್ಲೇ ನಿಂತುಬಿಟ್ಟಳು. ನಾನು ಮಿಕ್ಕ ದೂರವನ್ನು ಹೇಗೆ ಓಡಿದೆನೋ ನೆನಪಿಲ್ಲ. ಮೆಡಲು ಹಾಕಿದರು. ಅಷ್ಟು ಭಾರವಾದದ್ದನ್ನು ಅದುವರೆಗೆ ಕುತ್ತಿಗೆಗೆ ಹಾಕಿಕೊಂಡಿರಲಿಲ್ಲ. ಮಗಳ ಹತ್ತಿರ ಹೋಗಿ, ಕದ್ದು ಹಾಡು ಕೇಳಿದೆ ಕಣೇ, ಸೋತೆ ಎಂದೆ. ‘ಕಂಡು’ ಎಂದಳು, ಅಂದರೆ ನೋಡಿದೆ. ಮತ್ತೆ ಮಲಯಾಳ. ಅಲ್ಲಿ ಏರಿನಲ್ಲಿ ಏನು ಹೇಳ್ತಿದ್ದೆ ಎಂದು ಕೇಳಿದರೆ ಅಪ್ಪನ ಜೊತೆ ಮುಂದೆ ನಡೆದಳು.

ಮಧ್ಯಾಹ್ನದ ರೈಲಿನಲ್ಲಿ ಅವಳು ಕಿಟಕಿಗೆ ಒರಗಿ ನಿದ್ದೆ ಹೋದಳು. ಗಂಡನನ್ನು ಪೀಡಿಸಿದೆ. ರೀ, ನೀವು ಹಿಂದೆಯೇ ಬರ್ತಿದ್ರಲ್ಲ, ನಿಮಗೆ ಕೇಳಿಸಿರುತ್ತೆ. ಕೊಲ್ಲಂ ದಾಟಿದ ಮೇಲೆ ಅವರು ಮಗಳನ್ನೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು.

“ಅಮ್ಮಾ ಸಾಕು, ಪಂದ್ಯ ಬೇಡ, ನಿಂತ್ಕೋ, ನಿಂಗೆ ಏನಾದ್ರೂ ಆಗುತ್ತೆ ಅಂದ್ಲು. ನಾನು ಕನ್ನಡದಲ್ಲೇ ಮಾತಾಡ್ತೀನಿ, ಆದ್ರೆ ತಪ್ಪಾದ್ರೆ ನಗಬೇಡ, ಗೊತ್ತಾಯ್ತಾ ಅಂದ್ಲು.”

ಅವಳಿಗೆ ಆರು ವರ್ಷವಿದ್ದಾಗ ಮಲಯಾಳದ ಹಾಗೆ ‘ಕೊಡಲಾ’ ಎನ್ನುವಲ್ಲಿ ‘ತರಲಾ’ ಎಂದಾಗಲೆಲ್ಲ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಮೈಸೂರಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಪುಟ್ಟಾ ಇನ್ನೊಂದ್ಸಲ ಹೇಳು ಎಂದು ಅಕ್ಕಂದಿರಿಗೆಲ್ಲ ಕೇಳಿಸುತ್ತಿದ್ದೆ. ಅಲ್ಲಿಯೂ ನಗು. ಅವಳೂ ನಗುತ್ತಿದ್ದಳು ಎಂದೇ ಇಷ್ಟು ವರ್ಷ ತಿಳಿದುಕೊಂಡಿದ್ದೆ. ಮುದ್ದಿಗೆ ಮಾಡಿದ್ದು ಎಂದು ಗಂಡನಿಗೆ ಹೇಳಹೋದೆ. ಅವರು ಚಹಾ ತರಲು ಎದ್ದುಹೋದರು.

ಕಾಯಂಕುಳಂ ಬಂದಾಗ ಮಗಳಿಗೆ ಎಚ್ಚರವಾಯಿತು. ನಾನು ಮೀನಖಂಡ ಹಿಡಿದುಕೊಂಡು ಮುಖ ಕಿವುಚುತ್ತಿದ್ದುದನ್ನು ನೋಡಿದಳು. ಸ್ವಲ್ಪ ಹೊತ್ತು ತುಟಿ ಮಾತ್ರ ಅಲ್ಲಾಡಿತು, ಪರೀಕ್ಷೆಗೆ ಮುಂಚೆ ಬಾಯಿಪಾಠ ಒಪ್ಪಿಸಿಕೊಳ್ಳುವವರ ಹಾಗೆ.

“ಅಮ್ಮಾ, ಕಾಲು ನೋವು ಉಂಟಾ? ನಾನು ಒತ್ತಿ ತರಲಾ?” ಎಂದು ನನ್ನ ಮುಖವನ್ನೇ ನೋಡುತ್ತಾ ಕೂತಳು.

ಕಾಲನ್ನು ಅವಳ ತೊಡೆಯ ಮೇಲೆ ಚಾಚಿದೆ.

“ಒತ್ತಿ ತಾ, ಪುಟ್ಟಾ,” ಎಂದೆ.