ಮೀನು ಚಾಕುವಿನ ವಾಸನೆ

ದೃಷ್ಟಿ, ಗಾಳಿ ಸೋಕು ಎಂದರೆ ನಗುವವನು ನಾನು. ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇಡುವ ನಮ್ಮ ಕಡೆಯ ಪದ್ಧತಿಯನ್ನಂತೂ ಮನಸಾರೆ ಗೇಲಿ ಮಾಡಿದ್ದೇನೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ನನಗೆ ಹಳೆಯ ಮಡಿಚು ಚಾಕುಗಳ ಹುಚ್ಚು. ಅದರಲ್ಲೂ ಬೆರಳುದ್ದದ, ಮೀನಿನ ಆಕಾರದ ಹಿತ್ತಾಳೆ ಹಿಡಿ ಇರುವವು ಕಂಡರೆ ಕಾಲು ಮುಂದೆ ಹೋಗುವುದಿಲ್ಲ. ಬಿಸ್ಕತ್ತಿನ ಡಬ್ಬಿ ತುಂಬ ಕೂಡಿಹಾಕಿದ್ದೇನೆ. ಮಗಳು ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಾಗ, ಸುಲ್ತಾನ್ ಬಜಾರಿನಲ್ಲಿ ಹಳೆ ಸಾಮಾನು ಹರವಿ ಕೂರುವ ಮುದುಕನ ಬಳಿ ಇನ್ನೊಂದು ಸಿಕ್ಕಿತು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಎಣ್ಣೆ ಬಿಟ್ಟು ಥಳಥಳ ಮಾಡಿದೆ.

ಮಗಳು ಹೆಣ್ಣುಕೂಸಿನೊಂದಿಗೆ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಹೆಂಡತಿ ಕೇಳಿದಳು: "ಡಬ್ಬಿ ತುಂಬ ಚಾಕು ಅದಾವ, ದಿಂಬಿನ ಕೆಳಗ ಇಡಾಕ ಒಂದರ ಕೊಡ್ರಿ."

ನಗುತ್ತಲೇ ಆ ಹೊಸ ಮೀನನ್ನು ಕೊಟ್ಟೆ. ಅವಳು ಅದನ್ನು ಅರಿವೆಯಲ್ಲಿ ಸುತ್ತಿ ಇಟ್ಟಳು.

ಆಸ್ಪತ್ರೆಯಲ್ಲಿ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಅಂದೇ ಸಂಜೆ ಮುಖ ತಿರುಗಿಸಿತು. ಎದೆಗೆ ಹಚ್ಚಿದರೆ ಮೂಗು ಸೊಟ್ಟ ಮಾಡಿ ತುಟಿ ಬಿಗಿಯುತ್ತಿತ್ತು. ಮರುದಿನ ಮೆಹದಿಪಟ್ಟಣಂನ ಮಕ್ಕಳ ಡಾಕ್ಟರು ನೋಡಿ, ಎಲ್ಲ ಸರಿಯಿದೆ, ಆದರೆ ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿಕೊಂಡು ಹಾಲಿಗೆ ನಳಿಕೆ ಹಾಕಬೇಕಾಗುತ್ತದೆ ಎಂದರು. ಹಿಂಡಿದ ಹಾಲನ್ನು ಚಮಚದಲ್ಲಿ ಹನಿ ಹನಿ ಕುಡಿಸುತ್ತ ಮಗಳು ಅತ್ತು ಅತ್ತು ಸೋತಳು.

ಆ ರಾತ್ರಿ ಕೂಸಿನ ಪಕ್ಕ ಕೂತಾಗ ನನಗೆ ವಾಸನೆ ಹೊಡೆಯಿತು. ಹೇಳಲೂ ಹೇಸಿಗೆ. ಹಳಸಿದ ಹಾಲಿಗೆ ರಕ್ತ ಬೆರೆತು ಬಿಸಿಲಲ್ಲಿ ಕೂತಂಥ ನಾತ. ದಿಂಬಿನ ಕೆಳಗಿಂದ ಚಾಕು ತೆಗೆದು ಬಿಚ್ಚಿದೆ. ನಾನೇ ತಿಕ್ಕಿದ್ದ ಆ ಕೀಲಿನಲ್ಲಿ ಬೆಳ್ಳನೆಯ ಅಂಟು ಒಸರುತ್ತಿತ್ತು, ಬೆರಳಿಗೆ ಹತ್ತಿದರೆ ನೂಲು ನೂಲಾಗಿ ಎಳೆಯುತ್ತಿತ್ತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಒರೆಸಿಟ್ಟರೆ ಬೆಳಿಗ್ಗೆ ಮತ್ತೆ ಅದೇ.

ಹೆಂಡತಿ ಮೂಸಿ ನೋಡಿ ಬರೀ ಎಣ್ಣೆ ಎಂದಳು. ಮಗಳಿಗೂ ಏನೂ ಗೊತ್ತಾಗಲಿಲ್ಲ. ಜೀಡಿಮೆಟ್ಲಾದ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿದು ನನ್ನ ಮೂಗು ಎಂದೋ ಸತ್ತಿತ್ತು.

"ಸಾರು ಸೀದರೂ ನಿಮಗ ಗೊತ್ತಾಗೂದಿಲ್ಲ, ಈಗ ವಾಸನಿ ಬರಾಕತ್ತೈತಿ ಅಂತೀರಿ," ಎಂದಳು ಹೆಂಡತಿ. ಚಾಕು ತೆಗೆದುಬಿಡೋಣ ಎಂದದ್ದಕ್ಕೆ ಸಿಟ್ಟಾದಳು. "ಇಷ್ಟ ದಿನ ನಕ್ಕವರು ಈಗ್ಯಾಕ ಅಂಜತೀರಿ? ಕೂಸಿಗೆ ಆರಾಮ ಇಲ್ಲದಾಗ ಯಾರರ ಕಬ್ಬಿಣ ತೆಗೀತಾರೇನ್ರಿ?"

ನಂಬದ ನಾನು ತೆಗೆ ಎನ್ನುವವನು, ನಂಬುವ ಅವಳು ಇಡು ಎನ್ನುವವಳು. ಆ ಮಧ್ಯಾಹ್ನ ಅವಳು ಬಾಣಂತಿಗೂ ಕೂಸಿಗೂ ನೀರು ಹಾಕುವಾಗ ನಾನು ಆ ಚಾಕುವನ್ನು ಜೇಬಿಗೆ ಹಾಕಿಕೊಂಡು, ಡಬ್ಬಿಯಿಂದ ಬೇರೊಂದು ಮೀನನ್ನು ತೆಗೆದು, ಹೊಸ ಅರಿವೆಯಲ್ಲಿ ಸುತ್ತಿ ದಿಂಬಿನ ಕೆಳಗೆ ತಳ್ಳಿದೆ. ಸ್ನಾನವಾಗಿ ಬಂದ ಕೂಸು ಎದೆಗೆ ಬಾಯಿ ಹಾಕಿ, ಹಣೆ ಬೆವರುವ ತನಕ ಕುಡಿಯಿತು.

"ನೋಡಿದ್ರಿಲ್ಲ, ಕಬ್ಬಿಣ ತನ್ನ ಕೆಲಸ ಮಾಡ್ತು," ಎಂದಳು ಹೆಂಡತಿ.

ಜೇಬಿನಲ್ಲಿದ್ದ ಚಾಕುವನ್ನು ಸುಲ್ತಾನ್ ಬಜಾರಿನ ಮುದುಕನಿಗೇ ಮರಳಿಸಿದೆ. ನಾತ ಎಂದೆ. ಅವನು ಮೂಗಿಗೆ ಹಿಡಿದು, "ಕ್ಯಾ ಬೂ ಸಾಬ್? ಕುಛ್ ಭೀ ನಹೀ," ಎಂದು, ಏನೂ ನಾತವಿಲ್ಲವೆಂದು ತಲೆಯಾಡಿಸಿ ಮತ್ತೆ ತನ್ನ ಸಾಮಾನಿನ ನಡುವೆ ಇಟ್ಟುಕೊಂಡ.

ಹುಣಸೆ ರಸ ಕೀಲಿನಲ್ಲಿ ಉಳಿದು ಕೊಳೆತಿರಬಹುದು. ಕೂಸಿಗೆ ಮೂಗು ಕಟ್ಟಿದ್ದಿರಬಹುದು. ಹೀಗೆ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಹಬ್ಬಕ್ಕೆ ಬಂದರೆ ನನ್ನ ಹೆಗಲ ಮೇಲೇ ಇರುತ್ತಾಳೆ. ಎಲ್ಲರ ಕೈತುತ್ತೂ ಉಣ್ಣುತ್ತಾಳೆ. ನಾನು ತುತ್ತು ಹಿಡಿದರೆ ಮಾತ್ರ ಮೂಗು ಸೊಟ್ಟ ಮಾಡಿ, "ತಾತಾ, ಕೈ ತೊಳ್ಕೊಂಡು ಬಾ," ಅನ್ನುತ್ತಾಳೆ. ತೊಳೆದು ಬಂದರೂ ಬಾಯಿ ತೆರೆಯುವುದಿಲ್ಲ. ನಾನು ಬೆರಳು ಮೂಸಿ ನೋಡುತ್ತೇನೆ. ನನಗೆ ಸೋಪಿನ ವಾಸನೆಯೂ ಬರುವುದಿಲ್ಲ.